ಭಾನುವಾರ ವಿಶ್ರಾಂತಿ

ಫಿಸಿಯೋಥೆರಪಿ ಎಂದರೆ ಮಾಲೀಶು ಅಲ್ಲ ಎಂದು ಹೇಳಿ ಹೇಳಿಯೇ ನನ್ನ ಅರ್ಧ ಸರ್ವೀಸು ಕಳೆದುಹೋಯಿತು. ಇನ್ನರ್ಧ, ‘ಹೇಳಿದಷ್ಟೇ ಮಾಡಿ, ಜಾಸ್ತಿ ಮಾಡಬೇಡಿ’ ಎಂದು ಜನರನ್ನು ಗೋಗರೆಯುವುದರಲ್ಲಿ ಮುಗಿಯಿತು. ನಿವೃತ್ತಿಯಾಗಿ ಎರಡು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಕುವೆಂಪುನಗರದ ತರಕಾರಿ ಅಂಗಡಿ ಮುಂದೆ ಯಾರಾದರೂ ಒಂದೇ ಕೈಯಲ್ಲಿ ಚೀಲ ಹಿಡಿದು ಭುಜ ವಾಲಿಸಿಕೊಂಡು ನಿಂತಿದ್ದರೆ ‘ಕೈ ಬದಲಾಯಿಸ್ರೀ’ ಅಂದುಬಿಡುತ್ತೇನೆ. ‘ನಿಮಗ್ಯಾಕ್ರೀ?’ ಅಂತ ಬೈಸಿಕೊಂಡದ್ದೂ ಉಂಟು.

ಮೊನ್ನೆ ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ, “ಮೇಡಂ, ಪುಸ್ತಕದಲ್ಲಿ ಇಲ್ಲದೇ ಇರೋದು ಏನಾದ್ರೂ ಹೇಳಿಕೊಡಿ” ಅಂದರು. ಏನೋ ಒಂದೆರಡು ಮಾತು ಹೇಳಿ ಕಳಿಸಿದೆ. ಅವರು ಹೋದಮೇಲೆ ಲೋಟ ತೊಳೆಯುವಾಗ ಹಿನಕಲ್ಲಿನ ಜಯಮ್ಮ ನೆನಪಾದಳು. ಹೇಳಬೇಕಾಗಿದ್ದದ್ದು ಅವಳ ಕಥೆಯನ್ನೇ. ಆದರೆ ಅದಕ್ಕೆ ಮುಂಚೆ ನಾನು ಎಂಥ ತಯಾರಿಯಲ್ಲಿ ಬೆಳೆದವಳು ಎಂಬುದನ್ನು ಸ್ವಲ್ಪ ಹೇಳಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗ ಎಂದರೆ ಆಸ್ಪತ್ರೆಯ ಹಿಂಬದಿಯ ಎರಡು ಕೋಣೆ. ಒಂದರಲ್ಲಿ ಕೀಲುಗಳಿಗೆ ಶಾಖ ಕೊಡಲು ಮೇಣ ಕರಗಿಸುವ ತೊಟ್ಟಿ. ಇನ್ನೊಂದರಲ್ಲಿ ಗೋಡೆಗೆ ಬಡಿದ ರಾಟೆ, ಮರಳಿನ ಚೀಲಗಳು, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ. ನಮ್ಮ ಮೇಲಿನವರು ಶ್ರೀಕಂಠಯ್ಯ ಸಾರ್. ಮನುಷ್ಯ ಬಂಗಾರ. ಪಾರ್ಶ್ವವಾಯು ಬಡಿದವರನ್ನು ತಾವೇ ತಬ್ಬಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆದರೆ ಒಂದು ಹಟ. “ಮೂಳೆ ಸೋಮಾರಿ ಕಣಮ್ಮ, ಮಾಂಸ ಅದಕ್ಕಿಂತ ಸೋಮಾರಿ. ಬಿಟ್ಟರೆ ಕೆಟ್ಟಿತು” ಅನ್ನುತ್ತಿದ್ದರು. ಅವರೇ ಟೈಪು ಮಾಡಿಸಿ ಕಲ್ಲಚ್ಚು ತೆಗೆಸಿದ ಒಂದು ಚೀಟಿ ಇತ್ತು. ಮೊಣಕಾಲಾಗಲಿ, ಸೊಂಟವಾಗಲಿ, ಭುಜವಾಗಲಿ, ಚೀಟಿಯ ಕೊನೆಯಲ್ಲಿ ಒಂದೇ ಸಾಲು: ದಿನಕ್ಕೆ ಮೂರು ಸಲ, ವಾರಕ್ಕೆ ಏಳು ದಿನ. ಮೊಣಕಾಲು ಊದಿಸಿಕೊಂಡು ಬಂದವರಿಗೂ “ಇನ್ನೂ ಸಾಲದು” ಎನ್ನುತ್ತಿದ್ದರು. ನಾನೂ ಅವರ ಪಕ್ಕ ನಿಂತು ತಲೆಯಾಡಿಸುತ್ತಿದ್ದೆ.

ಅದನ್ನು ತಪ್ಪಿಸಿದವರು ಡಾಕ್ಟರರಲ್ಲ, ಒಬ್ಬ ಪೈಲ್ವಾನರು. ವಯಸ್ಸಾದ ಆಳು, ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದವರು, ಮೊಣಕಾಲಿಗೆಂದು ಬಂದಿದ್ದರು. ಚೀಟಿಯನ್ನು ದೂರ ಹಿಡಿದು ಓದಿ ಗೊಳ್ಳನೆ ನಕ್ಕುಬಿಟ್ಟರು.

“ಏನ್ ಸಾರ್, ವಾರಕ್ಕೆ ಏಳು ದಿನಾನಾ? ನಮ್ಮ ಗರಡೀಲಿ ಶನಿವಾರ ಪೂಜೆ ಬುಟ್ರೆ ಬೇರೆ ಏನೂ ಇಲ್ಲ. ದಂಡೆ ಹೊಡೆದಾಗ ಮೈ ಬೆಳೆಯಕಿಲ್ಲ ಸಾರ್, ಹೊಡೆದು ಮಲಗಿದ್ಮೇಲೆ ಬೆಳೀತದೆ. ಹುಡುಗ್ರಿಗೆ ಮೊದಲು ಅದನ್ನೇ ಹೇಳ್ಕೊಡಾದು.”

ಶ್ರೀಕಂಠಯ್ಯ ಸಾರ್ ಮುಖ ಕೆಂಪಗಾಯಿತು. ಮುಂದಿನ ಸಲ ಚೀಟಿ ಅಚ್ಚಾಗಿ ಬಂದಾಗ ನೋಡಿದರೆ ಕೊನೆಯ ಸಾಲು ಬದಲಾಗಿತ್ತು: ‘ಭಾನುವಾರ ವಿಶ್ರಾಂತಿ’. ತಪ್ಪು ಒಪ್ಪಿಕೊಳ್ಳುವುದಕ್ಕೆ ಅವರದೊಂದು ರೀತಿ ಅದು. ನನಗೆ ಆ ಸಾಲಿನ ಮೇಲೆ ವಿಪರೀತ ಅಭಿಮಾನ ಬೆಳೆಯಿತು. ವ್ಯಾಯಾಮ ಎಷ್ಟು ಮುಖ್ಯವೋ ನಡುವೆ ಬಿಡುವು ಅಷ್ಟೇ ಮುಖ್ಯ ಎಂದು ಮುಂದೆ ನಾನೇ ಎಲ್ಲರಿಗೂ ಪಾಠ ಹೇಳತೊಡಗಿದೆ. ಪಾಠ ಸರಿಯಾಗಿಯೇ ಇತ್ತು. ಬಿಡುವು ಅಂದರೆ ಯಾರಿಗೆ ಏನು ಎಂದು ಮಾತ್ರ ನಾನು ಯೋಚಿಸಿರಲಿಲ್ಲ.

ಈಚೆಗೆ ಜನರ ಕೈಗೆ ಹೆಜ್ಜೆ ಎಣಿಸುವ ವಾಚು ಬಂದಿದೆ. ನನ್ನ ಕೊನೆಯ ವರ್ಷಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು ಹಿಮ್ಮಡಿ ನೋವೆಂದು ಬರುತ್ತಿದ್ದರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವುದು, ಶನಿವಾರ ಚಾಮುಂಡಿ ಬೆಟ್ಟದ ಮೆಟ್ಟಿಲು, ಒಂದು ದಿನವೂ ತಪ್ಪಿಸುವಂತಿಲ್ಲ. ವಾರಕ್ಕೆ ಎರಡು ದಿನ ಕಾಲಿಗೆ ಬಿಡುವು ಕೊಡಿ ಎಂದರೆ, “ವಾಚು ಒಪ್ಪಲ್ಲ ಮೇಡಂ” ಅನ್ನುತ್ತಿದ್ದರು. ಅವರ ಹೆಂಡತಿ ಅಲ್ಲೇ ಕೂತು, “ಲೆಕ್ಕ ತುಂಬಲಿಲ್ಲ ಅಂತ ಸಂಜೆ ಹೊತ್ತು ಸೋಫಾ ಸುತ್ತ ಪ್ರದಕ್ಷಿಣೆ ಹಾಕ್ತಾರೆ ಕಣ್ರೀ. ನೋಡಿ ನೋಡಿ ನಂಗೆ ತಲೆ ತಿರುಗುತ್ತೆ” ಅಂದರು.

“ಒಂದು ಕೆಲಸ ಮಾಡಿ ರಾಯರೇ. ನಾಳೆ ಒಂದು ದಿನ ಆ ವಾಚನ್ನ ಇವರ ಕೈಗೆ ಕಟ್ಟಿ, ನೀವು ಕೂತ್ಕೊಳ್ಳಿ” ಅಂದೆ. ಮುಂದಿನ ಸಲ ರಾಯರು ಬಂದಾಗ ಮುಖ ಸಣ್ಣಗಾಗಿತ್ತು. ಅವರು ಕೆರೆ, ಬೆಟ್ಟ ಸುತ್ತಿ ತುಂಬಿಸುತ್ತಿದ್ದ ಲೆಕ್ಕವನ್ನು ಆಕೆ ಮನೆಯೊಳಗೇ, ಮಧ್ಯಾಹ್ನದ ಊಟ ಬಡಿಸುವ ಹೊತ್ತಿಗೆ ಮುಗಿಸಿದ್ದರಂತೆ. ರಾಯರು ಆ ವಾರದಿಂದ ಎರಡು ದಿನ ಕಾಲು ಚಾಚಿ ಕೂತರು. ಹಿಮ್ಮಡಿಯೂ ಸರಿಹೋಯಿತು. ತರಕಾರಿ ಹೆಚ್ಚುವುದನ್ನು ಕಲಿತರು ಎಂದು ಅವರ ಹೆಂಡತಿ ಹೇಳಿದರು, ಅದು ಎಷ್ಟು ದಿನ ನಡೆಯಿತೋ ತಿಳಿಯದು.

ಈ ಉಪಾಯ ನನ್ನ ಜಾಣತನದಿಂದ ಹೊಳೆದದ್ದಲ್ಲ. ಅದಕ್ಕೆ ಬಹಳ ವರ್ಷ ಮುಂಚೆ ಜಯಮ್ಮ ಕಲಿಸಿದ್ದು. ಕಲಿಯುವ ಮುನ್ನ ನಾನು ಅವಳನ್ನು ಅಳಿಸಿದ್ದೆ.

ಜಯಮ್ಮ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಬೇಸಿಗೆ ರಜಕ್ಕೆ ಮುಂಚೆ ಅಡುಗೆಕೋಣೆಯ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಬಲಗೈ ಮೂಳೆ ಭುಜದ ಹತ್ತಿರ ಮುರಿದಿತ್ತು. ಮೂಳೆ ಕೂಡಿಕೊಂಡ ಮೇಲೆ ನಮ್ಮ ಹತ್ತಿರ ಕಳಿಸಿದರು. ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶಾಲೆ ಬಾಗಿಲು ತೆಗೆಯಲು ಎಂಟು ವಾರ ಉಳಿದಿತ್ತು. ಅಷ್ಟರಲ್ಲಿ ಅನ್ನದ ಡಬರಿ ಇಳಿಸುವಂತಾದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೆಡ್ ಮೇಡಂ ಹೇಳಿಬಿಟ್ಟಿದ್ದರು.

“ನಂಗೆ ಆ ಕೆಲ್ಸ ಬೇಕು ಮೇಡಂ” ಅಂದಳು ಮೊದಲ ದಿನವೇ. “ಸಂಬಳ ಏನ್ ಮಹಾ ಬರಾಕಿಲ್ಲ ಬುಡಿ. ಆದ್ರೆ ಅಷ್ಟು ಮಕ್ಳು ತಟ್ಟೆ ಹಿಡ್ಕಂಡು, ‘ಜಯಮ್ಮಾ, ಇನ್ನೊಂಚೂರು’ ಅಂತವಲ್ಲಾ... ನಮ್ಮನೇಲಿ ಮಕ್ಳಿಲ್ಲ ಮೇಡಂ.”

ಇಷ್ಟು ಹೇಳಿ ನಕ್ಕಳು. ನಾನು ಬೆನ್ನು ತಟ್ಟಿ, “ಡಬರಿ ಅಲ್ಲ, ಒಲೇನೇ ಎತ್ತೋ ಹಾಗೆ ಮಾಡ್ತೀನಿ” ಅಂದೆ. ಮಾತು ಕೊಟ್ಟಮೇಲೆ ನಿದ್ದೆ ಬರುವುದಿಲ್ಲ ನನಗೆ.

ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹತ್ತಿಸುವುದು, ಕೋಲು ಹಿಡಿದು ಎತ್ತುವುದು, ನೀರು ತುಂಬಿದ ಬಾಟಲಿ ಹಿಡಿದು ಇಳಿಸುವುದು ಹೇಳಿಕೊಟ್ಟೆ. ಸುಸ್ತಾದ ಸ್ನಾಯು ಚೇತರಿಸಿಕೊಳ್ಳಲೆಂದು ಬುಧವಾರ, ಭಾನುವಾರ ಎರಡು ದಿನ ವಿಶ್ರಾಂತಿ ಬರೆದೆ. ಮನೆಯಲ್ಲಿ ಮಾಡಿದ್ದಕ್ಕೆ ಗುರುತು ಹಾಕಲು ಚೀಟಿಯಲ್ಲಿ ಖಾನೆಗಳಿದ್ದವು. ಆಸ್ಪತ್ರೆಯ ಗೋಡೆಯ ಮೇಲೆ ಅವಳ ಬೆರಳು ಎಲ್ಲಿಯವರೆಗೆ ಹತ್ತಿತು ಎಂದು ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದೆ.

ಮಂಗಳವಾರ ಗೀಟು ಒಂದು ಬೆರಳಷ್ಟು ಮೇಲಕ್ಕೆ ಹೋಯಿತು. ಗುರುವಾರ ಬಂದಾಗ ಅದಕ್ಕಿಂತ ಕೆಳಗೆ. ಶನಿವಾರ ಮತ್ತೆ ಮೇಲೆ, ಸೋಮವಾರ ಮತ್ತೆ ಕೆಳಗೆ. ಎರಡನೇ ವಾರವೂ ಹಾಗೆಯೇ. ವಿಶ್ರಾಂತಿ ಕೊಟ್ಟ ಮಾರನೇ ದಿನವೇ ಕೈ ಹಿಂದಕ್ಕೆ ಹೋಗುತ್ತಿತ್ತು. ನಾನು ತಲೆ ಕೆಡಿಸಿಕೊಂಡೆ. ಈ ಕೈಗೆ ಬಿಡುವು ಆಗಿಬರುವುದಿಲ್ಲ ಎಂದು ತೀರ್ಮಾನ ಮಾಡಿ, ಬುಧವಾರದ ವಿಶ್ರಾಂತಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. “ಇನ್ಮೇಲೆ ಭಾನುವಾರ ಒಂದೇ ರಜ” ಅಂದೆ. ಜಯಮ್ಮ ಕೆಂಪು ಗೀಟನ್ನು ನೋಡಿದಳು, ಏನೋ ಹೇಳುವುದಕ್ಕೆ ಬಾಯಿ ತೆರೆದವಳು ಸುಮ್ಮನಾದಳು. ಕೇಳಬೇಕಿತ್ತು ನಾನು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಕೇಳಲಿಲ್ಲ.

ಮುಂದಿನ ಸೋಮವಾರ ಭುಜ ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ಬೆರಳು ಮೊದಲ ದಿನದ ಗೀಟನ್ನೂ ಮುಟ್ಟಲಿಲ್ಲ. ಮೂರು ವಾರದ ಕೆಲಸ ನೀರಲ್ಲಿ ಹೋಮ. ಚೀಟಿಯಲ್ಲಿ ಮಾತ್ರ ಎಲ್ಲ ಖಾನೆಗಳಲ್ಲೂ ಅಚ್ಚುಕಟ್ಟಾದ ಗುರುತುಗಳು! ನನಗೆ ರೇಗಿಹೋಯಿತು. ಕೋಪ ಬಂದರೆ ನನಗೆ ಬಹುವಚನ ಮರೆತುಹೋಗುತ್ತದೆ.

“ಏನಮ್ಮ, ಮನೇಲಿ ಏನೂ ಮಾಡ್ದೆ ಸುಮ್ನೆ ಗುರುತು ಹಾಕ್ಕೊಂಡು ಬರ್ತಿದೀಯಾ? ಯಾರಿಗೆ ಮೋಸ ಮಾಡ್ತಿದೀಯ? ನಿಂಗೆ ಆ ಕೆಲಸ ಬೇಕೋ ಬೇಡ್ವೋ?”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಎಲ್ಲಾ ಮಾಡ್ತೀನಿ ಮೇಡಂ” ಅಂದಳು, ಅಷ್ಟೇ. ಸೆರಗಿನಿಂದ ಕಣ್ಣೊರೆಸಿಕೊಂಡು ಚೀಟಿ ಮಡಿಸಿಕೊಂಡು ಹೋದಳು.

ಮಾರನೇ ದಿನ ಬರಲಿಲ್ಲ. ಬುಧವಾರ, ಗುರುವಾರವೂ ಇಲ್ಲ. ಬರದಿದ್ದರೆ ಅವಳಿಗೇ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರದ ಹೊತ್ತಿಗೆ ಗೋಡೆಯ ಮೇಲಿನ ಅವಳ ಗೀಟುಗಳನ್ನು ನೋಡಲಾಗಲಿಲ್ಲ. ಮೂವತ್ತು ರೋಗಿಗಳ ಮಧ್ಯೆ ಆ ‘ಎಲ್ಲಾ ಮಾಡ್ತೀನಿ ಮೇಡಂ’ ಕಿವಿಯಲ್ಲಿ ಕೇಳುತ್ತಲೇ ಇತ್ತು. ಶಾಲೆ ತೆರೆಯಲು ನಾಲ್ಕು ವಾರ ಉಳಿದಿತ್ತು. ಭಾನುವಾರ ಬೆಳಗ್ಗೆ ಸ್ಕೂಟರು ತಾನಾಗಿ ಹಿನಕಲ್ ಕಡೆ ತಿರುಗಿತು ಎಂದು ಬರೆದರೆ ಸುಳ್ಳಾದೀತು. ಬೇಕೆಂದೇ ಹೋದೆ, ರಿಜಿಸ್ಟರಿನಿಂದ ವಿಳಾಸ ಬರೆದುಕೊಂಡು.

ಹಿನಕಲ್ ಆಗಲೇ ಮೈಸೂರಿನೊಳಗೆ ಸೇರಿಹೋಗಿತ್ತು. ಆದರೆ ಜಯಮ್ಮನ ಬೀದಿ ಹಳೇ ಊರಿನ ಬೀದಿ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಒಗೆಯುವ ಸದ್ದು ದೂರಕ್ಕೇ ಕೇಳುತ್ತಿತ್ತು. ಮನೆ ಮುಂದಿನ ಕಲ್ಲಿನ ಪಕ್ಕ ಹೊದಿಕೆ, ಜಮಖಾನ, ದಿಂಬಿನ ಚೀಲ ಗುಡ್ಡೆ ಬಿದ್ದಿದ್ದವು. ಜಯಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು, ನೀರು ಕುಡಿದ ಜಮಖಾನವನ್ನು ಅದೇ ಬಲಗೈಯಲ್ಲಿ ಹಿಂಡುತ್ತಿದ್ದಳು. ಜಗಲಿಯ ಮೇಲೆ ಅವಳ ಗಂಡ ಸಿದ್ದರಾಜು ಮೊಬೈಲು ನೋಡುತ್ತಾ ಕೂತಿದ್ದ. ಸರಕು ಆಟೋ ಓಡಿಸುವವನು, ಭಾನುವಾರ ಅವನಿಗೆ ರಜ.

“ಜಯಮ್ಮಾ!” ಎಂದು ಕಿರುಚಿಬಿಟ್ಟೆ. “ಏನಿದು?”

ಅವಳು ಬೆಚ್ಚಿಬಿದ್ದು ಸೆರಗು ಸರಿಮಾಡಿಕೊಂಡಳು. “ಅಯ್ಯೋ, ಮೇಡಂ, ಬನ್ನಿ ಬನ್ನಿ... ಇವತ್ತು ಭಾನುವಾರ ಅಲ್ವಾ. ಎಕ್ಸಸೈಜಿಗೆ ರಜ ಅಂತ ನೀವೇ ಬರೆದಿದೀರಲ್ಲ. ಅದ್ಕೇ ವಾರದ ಕೆಲ್ಸ ಎಲ್ಲಾ ಇವತ್ತಿಗೆ ಮಡಿಕ್ಕಂಡಿದ್ದೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು.

“ಮಿಕ್ಕಿದ್ ದಿನ ಕೈನ ಜೋಪಾನ ಮಾಡ್ತಿದ್ದೆ ಮೇಡಂ. ನೀವು ಹೇಳಿದ್ನ ಮಾಡಕ್ಕೆ ಶಕ್ತಿ ಬೇಕಲ್ಲ ಅಂತ ಒಗೆಯಾದು, ರುಬ್ಬಾದು, ನೀರು ತುಂಬಾದು ಎಲ್ಲಾ ರಜದ ದಿನಕ್ಕೆ ಬುಡ್ತಿದ್ದೆ. ಮೊದಲು ಬುಧವಾರ ಅರ್ಧ, ಭಾನುವಾರ ಅರ್ಧ ಆಯ್ತಿತ್ತು. ನೀವು ಬುಧವಾರದ್ದ ಹೊಡೆದಾಕ್ಬುಟ್ರಲ್ಲ, ಎಲ್ಲಾ ಒಂದೇ ದಿನಕ್ಕೆ ಬಂತು.”

ಅಲ್ಲಿಯೇ ಕಲ್ಲಿನ ಮೇಲೆ ಕೂತೆ. ನನ್ನ ಕಾಲಿಗೆ ಸೋಪಿನ ನೀರು ಹರಿಯುತ್ತಿತ್ತು. ನಾನು ಬರೆದುಕೊಟ್ಟ ಒಂದೊಂದು ಅಕ್ಷರವನ್ನೂ ಪಾಲಿಸಿದ್ದಳು ಅವಳು. ಆಮೇಲೆ ಒಳಗೆ ಹೋದಾಗ ಕಂಡೆ, ಅಡುಗೆಮನೆಯ ಒಲೆಯ ಪಕ್ಕ ಗೋಡೆಗೆ ಆ ಚೀಟಿಯನ್ನು ಅನ್ನದ ಅಂಟು ಹಾಕಿ ಅಂಟಿಸಿದ್ದಳು. ಆಸ್ಪತ್ರೆಗೆ ಬಾರದ ಆ ವಾರದ ಖಾನೆಗಳಿಗೂ ಗುರುತು ಹಾಕಿದ್ದಳು, ಇನ್ನು ಯಾರಿಗೂ ತೋರಿಸಬೇಕಾಗಿರದಿದ್ದರೂ.

“ಮತ್ತೆ ಯಾಕಮ್ಮ ಬರಲಿಲ್ಲ?”

“ನೀವು ಸುಳ್ಳಿ ಅಂದಂಗೆ ಅಂದ್ರಲ್ಲ ಮೇಡಂ. ಎಲ್ರ ಮುಂದೆ. ಬರಕ್ಕೆ ಮನಸಾಗ್ನಿಲ್ಲ.”

ನನಗೆ ಅಳು ಬಂತು. ಅತ್ತೆ. “ತಪ್ಪಾಯ್ತು ಜಯಮ್ಮ. ನಂದೇ ತಪ್ಪು” ಅಂದೆ. ಅವಳು ಗಾಬರಿಯಾಗಿ, “ಅಯ್ಯೋ ಬುಡಿ ಮೇಡಂ, ಬುಡಿ, ಕಾಫಿ ಮಾಡ್ತೀನಿ” ಎಂದು ಒಳಗೆ ಓಡಲು ನೋಡಿದಳು. ಆಗ ನನಗೆ ಕೆಟ್ಟ ಕೋಪ ಬಂತು. “ಕೂತ್ಕೋ! ನೀನು ಕಾಫಿ ಮಾಡಿದ್ರೆ ನಾನು ಕುಡಿಯಲ್ಲ” ಅಂದೆ. ಚೀಲದಿಂದ ಒಂದು ಖಾಲಿ ಚೀಟಿ ತೆಗೆದು ಗಂಡನ ಕಡೆ ತಿರುಗಿದೆ.

“ನಿಮ್ಮ ಹೆಸರು ಸಿದ್ದರಾಜು ತಾನೆ? ಬರ್ಕೋತೀನಿ. ಭಾನುವಾರ: ಜಮಖಾನ ಹಿಂಡುವುದು. ದಿನಾ ಬೆಳಗ್ಗೆ: ಬಿಂದಿಗೆ ಎತ್ತುವುದು, ಎಂಟು ಸಲ. ಸಂಜೆ: ರುಬ್ಬುವುದು.”

ಅವನು ತಬ್ಬಿಬ್ಬಾದ. “ನಂಗೇನಾಗದೆ ಮೇಡಂ? ನಾನು ಚೆನ್ನಾಗೇ ಇವ್ನಲ್ಲ.”

“ಚೆನ್ನಾಗಿದೀರಾ, ಅದಕ್ಕೇ ನಿಮಗೆ ಬರೀತಿರೋದು.”

ಅವನಿಗೆ ನಗು ಬಂತು, ಆದರೆ ಏಳಲಿಲ್ಲ. ನಕ್ಕು ಸುಮ್ಮನಾಗುವ ಗಂಡಸರನ್ನು ನಾನು ಬಹಳ ನೋಡಿದ್ದೇನೆ. ಇನ್ನೇನು ಹೇಳುವುದೋ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಅವನ ತಾಯಿ ನಿಂಗಮ್ಮ ಬಾಗಿಲಿಗೆ ಬಂದರು. ಸಣ್ಣ ಮೈ, ನೆರೆತ ಕೂದಲು. ಅಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ನನ್ನ ಮುಂದೆ ನಿಂತು ಎಡಗೈ ಎತ್ತಿ ತೋರಿಸಿದರು. ಕೈ ಎದೆಯವರೆಗೆ ಬಂದು ಅಲ್ಲೇ ನಿಂತಿತು.

“ನಂದೂ ಹಿಂಗೇ ಮುರ್ದಿತ್ತು ಕಣವ್ವ. ಇವ್ನು ಹೊಟ್ಟೇಲಿದ್ದಾಗ ಬಿದ್ದಿದ್ದೆ. ನಾಟಿ ವೈದ್ಯರು ಕಟ್ಟು ಕಟ್ಟಿ, ಕೈನ ಸುಮ್ನೆ ಮಡಗವ್ವ ಅಂದಿದ್ರು. ಎಲ್ಲಿ ಮಡಗನೆ, ಮನೆಕೆಲ್ಸ ಬುಟ್ಟು? ಅವತ್ತು ನಿಂತಿದ್ದು ಇವತ್ತಿಗೂ ಮ್ಯಾಲಕ್ ಹೋಗ್ನಿಲ್ಲ.”

ಸಿದ್ದರಾಜು ತಾಯಿಯ ಕೈಯನ್ನೇ ನೋಡುತ್ತಿದ್ದ. “ಅವ್ವ, ನಿನ್ ಕೈ ಹುಟ್ಟಿದಾಗ್ಲಿಂದ ಅಂಗೇ ಅಂತ ಅಂದ್ಕಂಡಿದ್ದೆ ನಾನು” ಅಂದ.

“ನೀನ್ಯಾವತ್ತು ಕೇಳ್ದೆ ಮಗ?”

ಆ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನ್ನ ಎದೆಗೆ ನಾಟಿತು. ಅವನು ಮೊಬೈಲು ಜಗಲಿಯ ಮೇಲಿಟ್ಟು ಎದ್ದು, ಲುಂಗಿ ಎತ್ತಿ ಕಟ್ಟಿ, ಕಲ್ಲಿನ ಹತ್ತಿರ ಬಂದ. ಜಯಮ್ಮನ ಕೈಯಿಂದ ಜಮಖಾನ ತೆಗೆದುಕೊಂಡ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ, “ಏನ್ ಸಿದ್ದಣ್ಣ, ಹೊಸಾ ಕೆಲ್ಸ?” ಎಂದು ರೇಗಿಸಿದ. “ಡಾಕ್ಟ್ರು ಬರ್ಕೊಟ್ಟವ್ರೆ ಕಣೋ, ಮುಚ್ಕಂಡ್ ಹೋಗೋ” ಅಂದ ಸಿದ್ದರಾಜು. ಡಾಕ್ಟರು ಅಂದದ್ದನ್ನು ನಾನು ಆ ದಿನ ತಿದ್ದಲಿಲ್ಲ.

ಹೊಸಬರಿಗೆ ಹೇಳುವುದು ಇದು. ವಾರಕ್ಕೆ ಎಷ್ಟು ದಿನ ವ್ಯಾಯಾಮ ಎಂದು ಬರೆಯುವ ಮುಂಚೆ, ಆ ಕೈ ಬೆಳಗಿನಿಂದ ಸಂಜೆಯವರೆಗೆ ಇನ್ನೇನೇನು ಮಾಡುತ್ತದೆ ಎಂದು ಕೇಳಿ. ಭಾನುವಾರ ಮನೆಯಲ್ಲಿ ಎಷ್ಟು ಜನರ ತಲೆಸ್ನಾನ, ಎಷ್ಟು ಬಟ್ಟೆ, ಯಾರ ಊಟ ಎಂದು ಕೇಳಿ. ನೀವೀಗ ಫೋನಿಗೆ ವಿಡಿಯೋ ಕಳಿಸುತ್ತೀರಿ, ನಮ್ಮ ಚೀಟಿಗಿಂತ ಎಷ್ಟೋ ವಾಸಿ. ಆದರೆ ವಿಡಿಯೋ ಮುಗಿದಮೇಲೆ ಆಕೆ ಎದ್ದು ಎಲ್ಲಿಗೆ ಹೋಗುತ್ತಾಳೆ ಎಂದು ಅದು ನಿಮಗೆ ತೋರಿಸುವುದಿಲ್ಲ. ಬಿಡುವು ಬೇಕಾದವಳ ಕೈಗೆ ಮಾತ್ರ ಚೀಟಿ ಕೊಟ್ಟರೆ ಸಾಲದು, ಬಿಡುವು ಕೊಡಬೇಕಾದವರನ್ನೂ ಕರೆದು ಕೂರಿಸಿ. ನಾನಂತೂ ಅವತ್ತಿನಿಂದ ಮನೆಯವರು ಯಾರಾದರೂ ಜೊತೆಗೆ ಬಾರದೆ ಚೀಟಿಯನ್ನೇ ಬರೆಯಲಿಲ್ಲ. ‘ಮೇಡಂಗೆ ಅಧಿಕಪ್ರಸಂಗ’ ಎಂದು ಎಷ್ಟೋ ಗಂಡಂದಿರು ದೂರು ಕೊಟ್ಟರು. ಕೊಡಲಿ.

ಜಯಮ್ಮ ಸೋಮವಾರದಿಂದ ಮತ್ತೆ ಬಂದಳು. ಊತ ಇಳಿಯುವವರೆಗೆ ಬಾಟಲಿ ಮುಟ್ಟಿಸಲಿಲ್ಲ. ಬುಧವಾರದ ವಿಶ್ರಾಂತಿಯನ್ನು ಮತ್ತೆ ಬರೆದೆ. ಮೊದಲ ಭಾನುವಾರ ಹೇಗಿತ್ತು ಎಂದು ಕೇಳಿದರೆ, “ಕಳ್ಳತನ ಮಾಡ್ದಂಗಾಯ್ತು ಮೇಡಂ. ಬಾಗ್ಲು ಹಾಕ್ಕಂಡು ಮಲಗಿದ್ದೆ, ಯಾರಾದ್ರೂ ನೋಡ್ಬುಟ್ರೆ ಅಂತ” ಅಂದಳು. ಎರಡನೇ ಭಾನುವಾರ ಬಾಗಿಲು ತೆಗೆದೇ ಮಲಗಿದಳಂತೆ. ಆ ಸೋಮವಾರ ಗೀಟು ಕೆಳಗೆ ಇಳಿಯಲಿಲ್ಲ. ನಾಲ್ಕನೇ ಸೋಮವಾರ ಅವಳ ಬೆರಳು ತಲೆಯ ಮೇಲೆ ಹೋಯಿತು. ಅವಳಿಗಿಂತ ಮೊದಲು ನಾನು ಚಪ್ಪಾಳೆ ತಟ್ಟಿದೆ.

ಶಾಲೆ ಬಾಗಿಲು ತೆಗೆದ ಮಧ್ಯಾಹ್ನ ಅವಳು ಆಸ್ಪತ್ರೆಗೆ ಬಂದಳು. ಹೆಡ್ ಮೇಡಂ ಎದುರಿಗೇ, ಇನ್ನೊಬ್ಬ ಅಡುಗೆಯವಳೊಂದಿಗೆ ಆಚೆಗೊಂದು ಈಚೆಗೊಂದು ಕಿವಿ ಹಿಡಿದು, ಡಬರಿ ಇಳಿಸಿದ್ದಳು. “ಒಂದ್ ತೊಟ್ಟು ಗಂಜಿ ಚೆಲ್ಲಿಲ್ಲ ಮೇಡಂ!” ಕೆಲಸ ಉಳಿದಿತ್ತು. ಮಕ್ಕಳು ಎಲ್ಲಿಗೆ ಹೋಗಿದ್ದೆ ಎಂದು ಮುತ್ತಿಕೊಂಡು ಕೇಳಿದ್ದನ್ನು ಎರಡೆರಡು ಸಲ ಹೇಳಿದಳು.

ಅವಳ ಹಿಂದೆ ನಿಂಗಮ್ಮ ನಿಂತಿದ್ದರು. ಸೊಸೆಯ ಜೊತೆ ಬಸ್ಸು ಹತ್ತಿ ಬಂದಿದ್ದರು. “ನಂಗೂ ಒಂದು ಚೀಟಿ ಬರ್ಕೊಡವ್ವ” ಅಂದರು.

ಅವರನ್ನು ಮಲಗಿಸಿ ಭುಜವನ್ನು ನಿಧಾನವಾಗಿ ಎಲ್ಲ ಕಡೆಗೂ ಆಡಿಸಿ ನೋಡಿದೆ. ಸೊಸೆಯ ಕೈ ನೋಡಿ ಆಸೆ ಹುಟ್ಟಿರಬೇಕು, ಪಾಪ. ಆ ಕೀಲು ಮಗನ ವಯಸ್ಸಿನಷ್ಟು ಕಾಲ ಹಾಗೆಯೇ ನಿಂತುಹೋಗಿತ್ತು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

“ಅಮ್ಮ, ನೋವು ಸ್ವಲ್ಪ ಕಮ್ಮಿ ಮಾಡಬಹುದು. ಕೈ ಮಾತ್ರ ಇನ್ನು ಮೇಲಕ್ಕೆ ಹೋಗಲ್ಲ. ಬಹಳ ವರ್ಷ ಆಗೋಯ್ತು.”

“ಅದು ನಂಗೂ ಗೊತ್ತು ಬುಡವ್ವ” ಅಂದರು ನಿಂಗಮ್ಮ. “ಕೈಗಲ್ಲ ನಾನ್ ಕೇಳಿದ್ದು. ಇವ್ಳಿಗೆ ಬರ್ಕೊಟ್ಟಿದ್ಯಲ್ಲ, ಸುಮ್ನೆ ಕೂರಾದಕ್ಕೆ. ಅಂಥದ್ದು.”

“ನಿಮಗ್ಯಾಕಮ್ಮ ಚೀಟಿ? ಸುಮ್ನೆ ಕೂತ್ಕೊಂಡ್ರೆ ಈಗ ಯಾರು ಏನಂತಾರೆ ನಿಮ್ಮನ್ನ? ಮಗ ಅಂತಾನಾ? ಜಯಮ್ಮ ಅಂತಾಳಾ?”

ಜಯಮ್ಮ ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ನಿಂಗಮ್ಮ ತಲೆಯಾಡಿಸಿದರು.

“ಯಾರೂ ಅನ್ನಕಿಲ್ಲ ಕಣವ್ವ. ನನ್ ಜೀವನೇ ಅಂತದೆ, ಕೂತ್ಕಂಡ್ರೆ.”

ಒಂದು ಹೊಸ ಚೀಟಿ ತೆಗೆದುಕೊಂಡು ಅವರ ಹೆಸರು ಬರೆದೆ. ಏಳು ದಿನಗಳ ಏಳು ಖಾನೆಗಳಲ್ಲೂ, ದುಂಡಗೆ, ದೊಡ್ಡ ಅಕ್ಷರದಲ್ಲಿ ‘ವಿಶ್ರಾಂತಿ’ ಎಂದು ಬರೆದೆ. ನಿಂಗಮ್ಮನಿಗೆ ಓದು ಬರುತ್ತಿರಲಿಲ್ಲ. ಪ್ರತಿ ಖಾನೆಯ ಮೇಲೂ ಅವರ ಬೆರಳಿಡಿಸಿ ಓದಿ ಹೇಳಿದೆ.